ಕೊಟ್ಟಿಗೆ ದಾಟಿದ ಮೇಲೆ

ನಾಲ್ಕನೇ ಸಾಲೂ ನೂಲು ಹಿಡಿದ ಹಾಗೆ ನೆಟ್ಟಗೆ ಬಂತು. ಮಗ ಬದುವಿನ ಬಳಿ ಟ್ರ್ಯಾಕ್ಟರ್ ನಿಲ್ಲಿಸಿ, ಬಿತ್ತನೆ ಯಂತ್ರ ಎಳೆದ ಗೆರೆಗಳನ್ನು ತಿರುಗಿ ನೋಡಿದ. ಅಪ್ಪ ತೀರಿಕೊಂಡು ಮೂರು ವಾರವಾಗಿತ್ತು. ಈ ಹೊಲದಲ್ಲಿ ಅಪ್ಪನನ್ನು ಬಿಟ್ಟು ಬೇರೊಬ್ಬರು ಜೋಳ ಬಿತ್ತುತ್ತಿರುವುದು ಇದೇ ಮೊದಲು. ಹೊಲ ನೆಟ್ಟಗೆ ಕಾಣುತ್ತಿರುವುದೂ ಇದೇ ಮೊದಲು.

“ಸಾಲು ಅಂದ್ರೆ ಇದಪ್ಪಾ,” ಎಂದ ಬದುವಿನ ಮೇಲೆ ಕೂತಿದ್ದ ದಾರದ ಮಾವ. ಪಕ್ಕದ ಹೊಲದವನು. ಎರಡು ತುದಿಗೂ ದಾರ ಕಟ್ಟದೆ ಒಂದು ಕಾಳನ್ನೂ ನೆಲಕ್ಕೆ ಹಾಕುವವನಲ್ಲ, ಅದಕ್ಕೇ ಆ ಹೆಸರು. ರಕ್ತಸಂಬಂಧವೇನೂ ಇಲ್ಲ. ಆದರೂ ಅಪ್ಪನನ್ನು ಭಾವ ಎಂದೇ ಕರೆಯುತ್ತ, ಆ ಸಲಿಗೆಯಲ್ಲೇ ಮೂವತ್ತು ವರ್ಷ ಗೇಲಿ ಮಾಡಿದ್ದ. “ಭಾವನ ಥರ ದುಡಿಯೋನು ಇನ್ನೊಬ್ಬ ಹುಟ್ಟಲ್ಲ ಬಿಡು. ಮೈ ಸುಡ್ತಾ ಇದ್ರೂ ಹೊಲದಲ್ಲೇ. ಮಳೆ ಬಂದ್ರೆ ಮೊದಲು ದನ ಒಳಗೆ, ಆಮೇಲೆ ನಿಮ್ಮ ಪುಸ್ತಕದ ಚೀಲ ಒಳಗೆ, ತನ್ನ ತಲೆ ಕೊನೆಗೆ. ಆದ್ರೆ ಒಂದು ಸಾಲು ನೆಟ್ಟಗೆ ಹಾಕೋಕೆ ಮಾತ್ರ ಬರ್ಲಿಲ್ಲ ನೋಡು.”

ಅದೇನೂ ಸುಳ್ಳಲ್ಲ. ಅಪ್ಪನ ಪ್ರತಿಯೊಂದು ಸಾಲೂ ಹೊಲದ ಅಂಚಿನ ಕೊಟ್ಟಿಗೆ ದಾಟಿದ ಮೇಲೆ ಒಂದೇ ಜಾಗದಲ್ಲಿ ಸೊಟ್ಟಗಾಗುತ್ತಿತ್ತು. ಹತ್ತು ಹೆಜ್ಜೆ ಹೋದ ಮೇಲೆ ಮತ್ತೆ ಸರಿಹೋಗುತ್ತಿತ್ತು. ಶಾಲೆಯಲ್ಲಿ ಮಗನನ್ನು ಹುಡುಗರು ‘ಹಾವಿನ ಹೊಲದವನು’ ಎಂದು ರೇಗಿಸುತ್ತಿದ್ದರು. ಹೋದ ವರ್ಷ ಇದೇ ಬದುವಿನ ಮೇಲೆ, ಇದೇ ಮಾವನ ಎದುರಿಗೆ ಅವನು ತಾಳ್ಮೆ ಕಳೆದುಕೊಂಡು, “ಇಷ್ಟು ವರ್ಷ ದುಡಿದೂ ಒಂದು ಗೆರೆ ಎಳೆಯೋಕೆ ಕಲೀಲಿಲ್ಲವಲ್ಲ ನೀನು,” ಎಂದುಬಿಟ್ಟಿದ್ದ. ನಾಲಿಗೆಗೆ ಎಲುಬಿಲ್ಲ. ಅಪ್ಪ ನಕ್ಕು, “ಕಾಳಿಗೇನು ಗೊತ್ತಾಗುತ್ತೆ ಬಿಡೋ,” ಎಂದಿದ್ದ.

ಆ ನಗು ಮೂರು ವಾರದಿಂದ ಅವನ ನಿದ್ದೆ ಕೆಡಿಸಿತ್ತು. ಇನ್ನು ಯಾರೂ ಅಪ್ಪನ ಹೊಲ ನೋಡಿ ನಗದ ಹಾಗೆ ಬಿತ್ತಿಬಿಟ್ಟರೆ ಆಡಿದ ಮಾತಿನ ಭಾರ ಸ್ವಲ್ಪವಾದರೂ ಇಳಿದೀತು ಎಂದುಕೊಂಡೇ ಇವತ್ತು ಆ ತುದಿಯಲ್ಲಿ ಗೂಟ ನೆಟ್ಟು, ಅದರಿಂದ ಕಣ್ಣು ಕೀಳದೆ ಟ್ರ್ಯಾಕ್ಟರ್ ಓಡಿಸಿದ್ದ.

ಅಮ್ಮ ನೀರಿನ ಬಾಟಲಿ ಹಿಡಿದು ಬದುವಿನ ಮೇಲೆ ಬಂದಳು. ನಾಲ್ಕೂ ಸಾಲುಗಳ ಮೇಲೆ ಕಣ್ಣಾಡಿಸಿದಳು. ಚೆನ್ನಾಗಿದೆ ಅನ್ನುತ್ತಾಳೆಂದು ಮಗ ಕಾದ.

“ಕೊಟ್ಟಿಗೆ ದಾಟಿದ ಮೇಲೆ ಮನೆ ಕಡೆ ನೋಡಲಿಲ್ವಾ?” ಎಂದಳು.

“ಅಲ್ಲೇನಿದೆ ನೋಡೋಕೆ?”

ಅಮ್ಮ ಸೆರಗಿನಿಂದ ಬಾಟಲಿಯ ಹೊರಮೈ ಒರೆಸಿ ಅವನ ಕೈಗೆ ಕೊಟ್ಟಳು. “ನೀನು ಹುಟ್ಟಿದ ವರ್ಷ ನನಗೆ ಎದ್ದು ನಿಂತ್ರೆ ಕಣ್ಣು ಕತ್ತಲೆ ಬರ್ತಿತ್ತು. ಎರಡು ಸಲ ಒಲೆ ಮುಂದೇನೇ ಬಿದ್ದೆ. ಮನೇಲಿ ಬೇರೆ ಯಾರೂ ಇಲ್ಲ, ಬಿತ್ತನೆ ನಿಲ್ಲಿಸೋ ಹಾಗೂ ಇಲ್ಲ. ಆಗ ನಿಮ್ಮಪ್ಪ ಹೇಳಿದ್ರು, ‘ಚೆನ್ನಾಗಿದ್ರೆ ಅಡುಗೆಮನೆ ಕಿಟಕಿಗೆ ನನ್ನ ಕೆಂಪು ಟವೆಲ್ ಹಾಕಿರು, ತಲೆ ತಿರುಗಿದ್ರೆ ಎಳೆದುಹಾಕು, ಓಡಿ ಬರ್ತೀನಿ.’ ಕೊಟ್ಟಿಗೆ ದಾಟಿದ ತಕ್ಷಣ ನಮ್ಮ ಕಿಟಕಿ ಕಾಣುತ್ತಲ್ಲ. ಪ್ರತಿ ಸಾಲಿಗೂ ಅಲ್ಲಿ ತಿರುಗಿ ನೋಡೋರು. ತಲೆ ಆ ಕಡೆ ಹೋದ್ರೆ ಕೈ ನೆಟ್ಟಗಿರುತ್ತಾ?”

ದಾರದ ಮಾವ ತಲೆ ತಗ್ಗಿಸಿ ಬದುವಿನ ಹುಲ್ಲಿಗೆ ಕೈ ಹಾಕಿದ.

“ಆಮೇಲೆ ನೀನು ಹುಷಾರಾದೆಯಲ್ಲಮ್ಮ?”

“ಒಂದೇ ವರ್ಷಕ್ಕೆ ಹುಷಾರಾದೆ. ಇನ್ನು ಟವೆಲ್ ಬೇಡ ಅಂದೆ. ‘ಇರಲಿ ಬಿಡು, ಅದು ಕಂಡ್ರೆ ಮುಂದಿನ ಸಾಲು ಹಗುರ’ ಅಂದ್ರು. ಮೂವತ್ತೊಂದು ವರ್ಷ ಹಾಕಿದೆ.”

“ನಮಗ್ಯಾರಿಗೂ ಒಂದು ಮಾತು ಹೇಳಲೇ ಇಲ್ವಲ್ಲ.”

“ಇದನ್ನೆಲ್ಲ ಮಕ್ಕಳಿಗೆ ಹೇಳ್ತಾರಾ?” ಅಮ್ಮನ ಮುಖದಲ್ಲಿ, ಈ ಮೂರು ವಾರದಲ್ಲಿ ಮೊದಲ ಸಲ, ನಾಚಿಕೆಯಂಥದ್ದೇನೋ ಸುಳಿಯಿತು.

ಮಗ ಒಂದೇ ಗುಟುಕು ಕುಡಿದು ಬಾಟಲಿ ಇಳಿಸಿದ. “ಹೋದ ವರ್ಷ ನಾನು ಇಲ್ಲಿ ಅಂದಿದ್ದು ಅಪ್ಪ ನಿನಗೆ ಹೇಳಿದ್ನಾ?”

“ಹೇಳಿ ನಕ್ಕರು. ‘ನಾಳೆ ಟವೆಲ್ ಹಾಕೋಕೆ ಮರೀಬೇಡ’ ಅಂದ್ರು.”

ಅವನು ಮನೆಯತ್ತ ನೋಡಿದ. ಇಲ್ಲಿಂದ ಕೊಟ್ಟಿಗೆಯ ಗೋಡೆಯಷ್ಟೇ ಕಾಣುತ್ತಿತ್ತು. “ಟವೆಲ್ ಎಲ್ಲಿದೆ ಈಗ?”

“ಅವತ್ತು ಅವರ ಹೆಗಲ ಮೇಲೆ ಹೊದಿಸಿ ಕಳಿಸಿಬಿಟ್ಟೆ,” ಎಂದಳು ಅಮ್ಮ. ಖಾಲಿಯಾಗದ ಬಾಟಲಿಯನ್ನು ಅವನ ಕೈಯಿಂದ ತೆಗೆದುಕೊಂಡಳು. “ನೀನು ನೆಟ್ಟಗೇ ಹಾಕಪ್ಪ. ಯಾಕೆ ಜನರ ಬಾಯಿಗೆ ಬೀಳ್ತೀಯ.” ಬಂದ ದಾರಿಯಲ್ಲೇ ನಿಧಾನವಾಗಿ ನಡೆದು ಹೋದಳು. ಅವಳು ಮನೆ ಸೇರುವ ತನಕ ದಾರದ ಮಾವ ತಲೆ ಎತ್ತಲಿಲ್ಲ. ಮೂವತ್ತು ವರ್ಷದ ಗೇಲಿಯನ್ನೆಲ್ಲ ಈಗ ಎಲ್ಲಿಡಲಿ ಎನ್ನುವವನಂತೆ ಬದುವಿನ ಹುಲ್ಲು ಕೀಳುತ್ತ ಕೂತಿದ್ದ.

ಮಗ ಐದನೇ ಸಾಲಿಗೆ ಟ್ರ್ಯಾಕ್ಟರ್ ತಿರುಗಿಸಿದ. ಗೂಟದ ಮೇಲೆ ಕಣ್ಣು ನೆಟ್ಟ. ನೋಡಬಾರದು, ನೋಡಿದರೆ ಖಾಲಿ ಕಿಟಕಿ ಕಂಡೀತು ಎಂದು ಹಲ್ಲು ಕಚ್ಚಿ ಹಿಡಿದ. ಕೊಟ್ಟಿಗೆಯ ಗೋಡೆ ಬಂತು, ಮುಗಿಯಿತು. ತಲೆ ತಾನಾಗಿ ತಿರುಗಿತು.

ಕಿಟಕಿಯಲ್ಲಿ, ಟವೆಲ್ ಇರುತ್ತಿದ್ದ ಜಾಗದಲ್ಲಿ, ಎರಡು ಕೈಯಲ್ಲೂ ಸರಳು ಹಿಡಿದು ಅಮ್ಮ ನಿಂತಿದ್ದಳು.

ಸಾಲು ಮನೆಯ ಕಡೆಗೆ ಬಾಗಿತು. ಮಗ ಅದನ್ನು ತಿದ್ದಲು ಹೋಗಲಿಲ್ಲ.