ಕೌಂಟ್ ವೇಷ ಒಪ್ಪದವನು

“ನಿಲ್ಸೋ!” ಎಂದು ನಿರ್ದೇಶಕ ಮರ್ಫಿ ಕ್ಯಾಮೆರಾದ ಹಿಂದಿನಿಂದ ಅರಚಿದ. “ಅಲ್ಲಯ್ಯಾ ಅಂಟಾಲ್, ಕೌಂಟ್ ಆದವನು ಆಸ್ಪರಾಗಸ್ ದಂಟನ್ನ ಕೈಯಲ್ಲಿ ಎತ್ಕೊಂಡು ತಿಂತಾನೇನೋ? ಚಾಕು, ಫೋರ್ಕು ಯಾಕಿಟ್ಟಿದೀವಿ?”

ಅಂಟಾಲ್ ತೆಪ್ಪಗೆ ಫೋರ್ಕು ಹಿಡಿದ. ಯುರೋಪಿನ ಕೌಂಟ್ ಬಿರುದಿನ ಪ್ರಭು ಎಂದು ಬುರುಡೆ ಬಿಟ್ಟು ಸಾಹುಕಾರನ ಮಗಳನ್ನು ಮರುಳು ಮಾಡುವ ಹೋಟೆಲ್ ಮಾಣಿಯ ಪಾತ್ರ ಅವನದು. ಲಾಸ್ ಏಂಜಲೀಸಿನ ಬಿಸಿಲಿಗೆ ಅಂಟುಮೀಸೆ ಜಾರುತ್ತಿತ್ತು.

ಉಡುಪು ಹೊಲಿಯುವ ಹೆಟ್ಟಿ ಸೂಜಿ ಹಿಡಿದು ನೋಡುತ್ತಲೇ ಇದ್ದಳು. ಭಾನುವಾರ ಅವಳಿಗೂ ಅಂಟಾಲ್‌ಗೂ ಮದುವೆ. ಹಿಂದೊಬ್ಬ ಕೌಂಟ್ ಅವಳ ಕೈಗೆ ಮುತ್ತಿಟ್ಟು ಉಂಗುರ ತೊಡಿಸಿದ್ದ. ಕೊನೆಗೆ ನೋಡಿದರೆ ಅವನೊಬ್ಬ ಕ್ಷೌರಿಕ. ಅಂದಿನಿಂದ ಬಿರುದು ಅಂದರೆ ಅವಳಿಗೆ ಮೈ ಉರಿ. ಅಂಟಾಲ್ ಮೊದಲ ದಿನವೇ, “ನಾನು ಬುಡಾಪೆಸ್ಟಿನ ಮಾಣಿ” ಅಂದಿದ್ದ. ಅದಕ್ಕೇ ಮನಸೋತಿದ್ದಳು.

ಆದರೆ ಅನುಮಾನ ಕೊರೆಯುತ್ತಿತ್ತು. ತಟ್ಟೆ ಎತ್ತಿದರೆ ಬೀಳಿಸುತ್ತಾನೆ. ಮುಚ್ಚಿದ ಬಾಗಿಲ ಮುಂದೆ ಯಾರಾದರೂ ತೆರೆಯಲಿ ಎಂಬಂತೆ ನಿಲ್ಲುತ್ತಾನೆ. ಬೂಟಿನ ದಾರವನ್ನೂ ಅವಳೇ ಕಟ್ಟಬೇಕು.

“ನಿಜ ಹೇಳು, ಹೋಟೆಲಲ್ಲಿ ಇದ್ದದ್ದು ಹೌದಾ?”

“ಅಯ್ಯೋ, ದೊಡ್ಡ ದೊಡ್ಡ ಹೋಟೆಲಲ್ಲೇ ಇದ್ದೆ ಹೆಟ್ಟಿ.”

“ಜೈಲಿಂದ ಬಂದವನಾದ್ರೂ ಪರವಾಗಿಲ್ಲ. ಇನ್ನೊಬ್ಬ ಕೌಂಟ್ ಮಾತ್ರ ಬೇಡಪ್ಪಾ.”

ಅಂಟಾಲ್ ಜಾರಿದ ಮೀಸೆಯನ್ನು ಒತ್ತಿ ಅಂಟಿಸಿಕೊಂಡ.

ಅಷ್ಟರಲ್ಲಿ ಸ್ಟುಡಿಯೋ ಗೇಟಿನಿಂದ ಒಬ್ಬ ಮುದುಕ ಬಂದ. ನೆಟ್ಟಗಿನ ಬೆನ್ನು, ಬೆಳ್ಳಿ ಮೀಸೆ, ಕಲೆಯಿಲ್ಲದ ಬಿಳಿ ಕೈಗವಸು. ಸೆಟ್ ಕಟ್ಟುತ್ತಿದ್ದ ಬಡಗಿಗಳು ಟೋಪಿ ತೆಗೆದರು. ಯಾರಿಗೂ ಕುರ್ಚಿ ಕೊಡದ ಮರ್ಫಿ ತನ್ನದನ್ನೇ ಎಳೆದು ಹಾಕಿದ.

“ನೋಡೋ ಅಂಟಾಲ್, ಕಣ್ಬಿಟ್ಟು ನೋಡು! ಆ ನಡಿಗೆ ನೋಡು, ಗತ್ತು ನೋಡು. ಕೌಂಟ್ ಅಂದ್ರೆ ಹೀಗಿರ್ಬೇಕು!”

ಮುದುಕ ಕುರ್ಚಿಯತ್ತ ತಿರುಗಿಯೂ ನೋಡಲಿಲ್ಲ. ಅವನನ್ನು ಕಂಡದ್ದೇ ಅಂಟಾಲ್‌ನ ಮುಖ ಬಿಳಿಚಿತು. ಆದರೂ ಹಳೆಯ ಅಭ್ಯಾಸ, ಬಲಗಾಲು ತಾನಾಗಿ ಒಂದಿಷ್ಟು ಮುಂದೆ ಬಂತು. ಬೂಟಿನ ದಾರ ಬಿಚ್ಚಿತ್ತು.

ಮುದುಕ ಕೈಗವಸು ಕಳಚಿ, ಧೂಳಿನಲ್ಲಿ ಮಂಡಿಯೂರಿ, ದಾರ ಕಟ್ಟತೊಡಗಿದ. “ಪರದೆ ಮೇಲೆ ನಿಮ್ಮನ್ನ ನೋಡಿ ಹುಡುಕ್ಕೊಂಡು ಬಂದೆ, ಪ್ರಭುಗಳೇ. ಅರಮನೇಲಿ ನಿಮ್ಮನ್ನ ಎತ್ತಿ ಆಡಿಸ್ದೆ, ಇದೊಂದನ್ನ ಕಲಿಸ್ಲಿಲ್ಲ ನೋಡಿ.”

ಹೆಟ್ಟಿಯ ಬೆರಳಿಗೆ ಸೂಜಿ ಚುಚ್ಚಿತು. ಸಿಟ್ಟು ಬಂತು; ಅದರ ಹಿಂದೆಯೇ ತಡೆಯಲಾಗದ ನಗು.

“ಏಳಿ ತಾತ,” ಎಂದಳು. “ಭಾನುವಾರ ಚರ್ಚಿಗೆ ಬರೋವಾಗ ಈ ಕೌಂಟ್ ತನ್ನ ದಾರ ತಾನೇ ಕಟ್ಕೊಂಡು ಬರ್ಲಿ.”