ಆಯಿಯ ಹಿತ್ತಾಳೆ ತಾಟು

ಈಗಲೂ ತೊಳೆದಿಟ್ಟ ತಾಟಿನ ಮೇಲೆ ಬಿಸಿಲು ಬಿದ್ದು ಗೋಡೆಯ ಮೇಲೆ ಬೆಳಕು ಅಲುಗಾಡಿದರೆ, ನನಗೆ ಶೇಡಬಾಳದ ಆ ಸಂಜೆ ನೆನಪಾಗುತ್ತದೆ.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅದರ ಹಿಂದಿನ ದಿನ ಅವ್ವ ಕೂಗಿದಾಗ ನಾವೆಲ್ಲ ಹೊಲದಿಂದ ಓಡಿ ಬಂದಿದ್ದೆವು. ಕಿವಿ ಕೇಳದ ನನ್ನ ಚಿಕ್ಕಪ್ಪನ ಮಗ ಭರತ ಮಾತ್ರ ಕಬ್ಬಿನ ಸಾಲಿನ ನೀರಿಗೆ ಮಣ್ಣಿನ ಒಡ್ಡು ಕಟ್ಟುತ್ತ ಅಲ್ಲೇ ಉಳಿದಿದ್ದ. ಅವನು ಬಂದಾಗ ಕತ್ತಲಾಗಿತ್ತು. ಸಣ್ಣವರಿಗೆ ನಡೆಯುತ್ತದೆ, ಉಣ್ಣು ಎಂದು ನಮ್ಮಜ್ಜಿ, ಆಯಿ, ಸನ್ನೆ ಮಾಡಿದಳು. ಅವನು ಒಲ್ಲೆನೆಂದು ತಲೆಯಾಡಿಸಿ, ನಮ್ಮ ಪಕ್ಕದಲ್ಲಿ ಹಸಿದೇ ಮಲಗಿದ.

ಮರುದಿನ ಸಂಜೆ ಹೊಲದಲ್ಲಿದ್ದ ನಮ್ಮನ್ನು ಯಾರೂ ಕೂಗಲಿಲ್ಲ. ಭರತನ ಮುಖದ ಮೇಲೆ, ಆಮೇಲೆ ನನ್ನ ಲಂಗದ ಮೇಲೆ ಬೆಳಕೊಂದು ಓಡಾಡಿತು. ತಲೆ ಎತ್ತಿ ನೋಡಿದರೆ, ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ತಾಟನ್ನು ಇಳಿಬಿಸಿಲಿಗೆ ಹಿಡಿದು ಆಯಿ ಮಾಳಿಗೆಯ ಮೇಲೆ ನಿಂತಿದ್ದಳು. ಎಲ್ಲರಿಗಿಂತ ಮೊದಲು ಓಡಿದವನು ಭರತ.

"ನನಗರ ಒದರಬೇಕಿತ್ತಿಲ್ಲ ಆಯಿ," ಎಂದೆ.

"ಒದರಿದ್ರ ನೀ ಒಬ್ಬಾಕಿನ ಬರ್ತಿದ್ದಿ," ಎಂದು ಆಯಿ ಇಬ್ಬರಿಗೂ ರೊಟ್ಟಿ ಹಾಕಿದಳು.

ಆಮೇಲೆ ನಮ್ಮ ಮನೆಯಲ್ಲಿ ಊಟಕ್ಕೆ ಯಾರನ್ನೂ ಕೂಗಲಿಲ್ಲ. ಮೋಡ ಕವಿದ ದಿನ ಆಯಿ ಮೊಣಕಾಲು ಹಿಡಿದುಕೊಂಡು, ಹೊಲದವರೆಗೆ ತಾನೇ ನಡೆದು ಬರುತ್ತಿದ್ದಳು.