ಪಾರವ್ವ ಇಳಿದ

"ಗಂಡ ಹುಡುಗಗ ಪಾರವ್ವ ಅಂತ ಹೆಸರ ಇಡ್ತೀಯೇನ? ನಾಚಿಕಿ ಐತೇನ ನಿನಗ?" ದೊಡ್ಡಪ್ಪ ಅಡಿವೆಪ್ಪ ಗುಡುಗಿದ.

"ನೀ ಹೇಳಿದ ಹೆಸರೆಲ್ಲಾ ಕರದಾತಲ್ಲ, ಕೂಸು ಇಳೀತೇನ?" ನಾನೂ ಬಿಡಲಿಲ್ಲ.

ನನ್ನ ತಮ್ಮನ ಮಗ ಜಂತಿಗೆ ತಲೆ ತಾಗಿಸಿಕೊಂಡು ತೇಲುತ್ತಿದ್ದ. ಒಪ್ಪುವ ಹೆಸರು ಸಿಗುವವರೆಗೆ ಕೂಸುಗಳಿಗೆ ತೂಕ ಬರುವುದಿಲ್ಲ, ಎಲ್ಲರ ಮನೆಯಲ್ಲೂ ಇದ್ದದ್ದೇ. ಉಡಿದಾರಕ್ಕೆ ಹಗ್ಗ ಕಟ್ಟಿ ತೊಟ್ಟಿಲಿಗೆ ಬಿಗಿಯುತ್ತೇವೆ. ಆದರೆ ಇವನಿಗೆ ವೀರಭದ್ರ, ಭರಮಪ್ಪ ಯಾವುದೂ ಹಿಡಿಸಿರಲಿಲ್ಲ. ಹಗ್ಗ ಸವೆದಿತ್ತು, ಹೊರಗೆ ಗಾಳಿ ಎದ್ದಿತ್ತು. ಅದರ ಹಿಂದಿನ ವರ್ಷ ಪಕ್ಕದ ಮನೆಯ ಕೂಸು ಬೆಳಕಿಂಡಿಯಿಂದ ಹಾರಿಹೋದದ್ದು ಸಿಗಲೇ ಇಲ್ಲ.

ಬಾಣಂತಿ ಶಿವಕ್ಕ ಅಳುತ್ತಲೇ ಹೇಳಿದಳು, "ಅಕ್ಕಾರ, ಹೊಟ್ಟ್ಯಾಗಿದ್ದಾಗ ನಮ್ಮವ್ವನ ಹೆಸರಿಂದನ ಕರೀತಿದ್ದೆ. ಪಾರವ್ವಾ ಅಂದ್ರ ಒದ್ದು ಓಗೊಡ್ತಿದ್ದ."

ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ನನ್ನದು. ಹಗ್ಗ ಜಗ್ಗಿ ಕೂಸಿನ ಕಿವಿಗೆ ಬಾಯಿಟ್ಟೆ. "ಕುರ್ರ್... ಪಾರವ್ವಾ!"

ಹಾಗೆ ಕರೆದ ಕೂಡಲೇ ಹೆಂಗಸರು ಅತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ದೊಡ್ಡಪ್ಪನ ಹೆದರಿಕೆಗೆ ಒಂದು ಕೈಯೂ ಏಳಲಿಲ್ಲ.

ಕೂಸು ಮಾತ್ರ ಧೊಪ್ಪನೆ ನನ್ನ ತೋಳಿಗೆ ಬಿತ್ತು. ಎಂಥ ಭಾರ! ಕೈ ನೋಯುವಷ್ಟು ಭಾರ! ಆಮೇಲೆ ನೋಡಿ, ಬೆನ್ನ ಮೇಲೆ ಧಪಧಪ ಗುದ್ದು.

"ಇನ್ನೂ ಜೋರ ಹೊಡೀರಿ!" ಎಂದು ಕೂಗಿದೆ.

ದೊಡ್ಡಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಇನ್ನ ಈ ಮನಿ ನೀರು ಮುಟ್ಟಂಗಿಲ್ಲ" ಎಂದು ಹೊಸ್ತಿಲು ದಾಟಿದ.

ಪಾರವ್ವನಿಗೆ ಈಗ ಮೀಸೆ ಬಂದಿದೆ. ದೊಡ್ಡಪ್ಪ ಇನ್ನೂ ಬಂದಿಲ್ಲ.